ಬೆಳ್ಳುಳ್ಳಿ ಶೆಡ್ಡಿನ ತವರು

ನಮ್ಮ ಬೆಳ್ಳುಳ್ಳಿ ಶೆಡ್ಡಿಗೆ ಕಾಡಿನ ಜನ ಬಂದು ಸೇರಿಕೊಂಡ ದಿನ ನಾನು ಊರಲ್ಲಿರಲಿಲ್ಲ. ಇದ್ದಿದ್ದರೆ ಬೇಡ ಅನ್ನುತ್ತಿದ್ದೆ. ಚಾಮರಾಜನಗರದ ತಂಗಿ ಮನೆಯಿಂದ ವಾಪಸು ಬಂದು ನೋಡಿದರೆ, ಶೆಡ್ಡಿನ ಮುಂದೆ ಮೂರು ಕಲ್ಲಿಟ್ಟು ಯಾರೋ ಗಂಜಿ ಕಾಯಿಸುತ್ತಿದ್ದರು. ನನ್ನ ಗಂಡ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಲೆ ಊದುತ್ತಿದ್ದರು. ಮದುವೆಯಾದಾಗಿನಿಂದ ಅವರು ನನ್ನ ಒಲೆಯನ್ನು ಒಮ್ಮೆಯೂ ಊದಿದವರಲ್ಲ.

“ಯಾರಿವ್ರು?” ಅಂದೆ.

“ಕೆಳಗಿನ ಪೋಡಿನವ್ರು. ಪಾಪ, ಒಡ್ದು ಓಡ್ಸವ್ರೆ.”

“ಎಲ್ಲಿಗಂಟ ಇರ್ತಾರೆ?”

“ಮಳೆ ಬರಗಂಟ” ಅಂದರು. ಯಾವ ಮಳೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ, ಪ್ರಯಾಣದ ಸುಸ್ತಿತ್ತು. ಆಮೇಲೆ ಮುಂಗಾರು ಬಂತು, ಹಿಂಗಾರೂ ಬಂತು, ಅವರು ಅಲ್ಲೇ ಇದ್ದರು.

ಪೋಡು ಅಂದರೆ ಕಾಡಿನೊಳಗಿನ ಸಣ್ಣ ಊರು. ನಮ್ಮ ಹೊಲಗಳು ಮುಗಿದು ಕಾಡು ಶುರುವಾಗುವ ಕಡೆಯಿಂದ ಅರ್ಧ ದಿನ ನಡೆದರೆ ಅಂಥವು ಎರಡು ಸಿಗುತ್ತವೆ. ಮೇಲಿನ ಪೋಡಿನವರದು ಒಂದು ಕುಲ, ಕೆಳಗಿನವರದು ಇನ್ನೊಂದು. ಹೆಣ್ಣು ಕೊಡುವುದು, ತರುವುದು ಈ ಎರಡರ ನಡುವೆಯೇ. ಹಾಗಾಗಿ ಅವರಲ್ಲಿ ಜಗಳವಾದರೆ ಅದು ಬೀಗರ ಜಗಳವೇ, ಬೇರೆ ಥರದ್ದು ಆಗುವುದಕ್ಕೆ ಅವಕಾಶವೇ ಇಲ್ಲ.

ಈ ಜಗಳದ ಮೂಲ ಒಂದು ಬಂಡೆ. ಅದರ ಹೊಟ್ಟೆಯಲ್ಲಿ ಹೆಜ್ಜೇನು ಕಟ್ಟುತ್ತದೆ. ಬಂಡೆಯ ನೆತ್ತಿಯಿಂದ ಹಗ್ಗದಲ್ಲಿ ಒಬ್ಬ ಇಳಿಯಬೇಕು, ಮೇಲೆ ಒಬ್ಬ ಹಗ್ಗ ಹಿಡಿದಿರಬೇಕು. ಹಿಡಿಯುವವನು ಇಳಿಯುವವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು ಅನ್ನುವುದು ಅವರ ಕಟ್ಟಳೆ. ಸ್ವಂತ ಅಣ್ಣತಮ್ಮಂದಿರು ಹಿಡಿಯುವಂತಿಲ್ಲ. ಅವರಿಗೆ ಪಾಲಿನ ಮೇಲೆ ಕಣ್ಣಿರಬಹುದು. ಹೆಂಡತಿಯ ಅಣ್ಣನಾದರೆ ಒಡಹುಟ್ಟಿದವಳನ್ನು ತನ್ನ ಕೈಯಾರೆ ಮುಂಡೆ ಮಾಡುವುದಿಲ್ಲ. ಇಳಿಯುವವನು ಮೊದಲು ಎರಡು ಕೈಯಲ್ಲೂ ಹಗ್ಗ ಹಿಡಿದು, ಎರಡು ಕಾಲನ್ನೂ ನೆಲದಿಂದ ಎತ್ತಿ ಒಂದು ಸಲ ಜೋತು ಬೀಳುತ್ತಾನೆ. ‘ಬಿಡಬೇಡ’ ಅಂತ ಬಾಯಿಬಿಟ್ಟು ಹೇಳಿದರೆ ಮೇಲಿನವನಿಗೆ ಅವಮಾನ. ಜೋತು ಬಿದ್ದಮೇಲೆ ಮಾತಿಲ್ಲ, ಇಳಿಯುವುದೇ. ನಮ್ಮ ಕಡೆ ಭಾವಮೈದಂದಿರು ಒಂದು ಕಬ್ಬಿನ ಗದ್ದೆಯನ್ನೇ ಹಂಚಿಕೊಂಡು ಬಾಳುವುದಿಲ್ಲ, ಇವರು ಪ್ರಾಣ ಕೊಟ್ಟು ಕೂತಿರುತ್ತಾರೆ.

ಆ ವರ್ಷ ಮೇಲಿನ ಪೋಡಿನ ಹುಡುಗ ಇಳಿದಿದ್ದ, ಕೆಳಗಿನ ಪೋಡಿನ ಅವನ ಭಾವ ಹಿಡಿದಿದ್ದ. ಬಳ್ಳಿ ಹಗ್ಗದ ಬದಲು ಸಂತೆಯಲ್ಲಿ ಕೊಂಡ ನೈಲಾನ್ ಹಗ್ಗ. ಅರ್ಧ ಇಳಿದಾಗ ಜೇನು ಎದ್ದಿತು. ಹುಡುಗ ಬಿದ್ದ, ತೊಡೆ ಮುರಿಯಿತು. ಇಂಥ ಸಂದರ್ಭದಲ್ಲಿ ಹಗ್ಗ ಹಿಡಿದವನ ಮಾತು ಕೇಳುವ ಹಾಗಿಲ್ಲ, ಇಳಿದವನ ಮಾತೇ ಮಾತು. ಇಳಿದವನು ಎಚ್ಚರ ಬಂದಾಗ “ಬುಟ್ಟಂಗಾಯ್ತು” ಅಂದನಂತೆ. ಕೈ ಬಿಟ್ಟ ಹಾಗಾಯಿತು, ಅಷ್ಟೇ. ಅಂದು ಮತ್ತೆ ಎಚ್ಚರ ತಪ್ಪಿದ. ಅವನು ಎರಡನೇ ಸಲ ಕಣ್ಣು ಬಿಡುವುದರೊಳಗೆ ಕೆಳಗಿನ ಪೋಡಿನ ಗುಡಿಸಲುಗಳಿಗೆ ಬೆಂಕಿ ಬಿದ್ದಿತ್ತು. ಏಳೆಂಟು ಸಂಸಾರ ಉಟ್ಟ ಬಟ್ಟೆಯಲ್ಲಿ ಇಳಿದು ಬಂದು ನಮ್ಮ ಶೆಡ್ಡಿನ ಮುಂದೆ ನಿಂತಿದ್ದವು. ಬೆಳ್ಳುಳ್ಳಿ ಆಗಲೇ ಮಾರಾಟವಾಗಿ ಶೆಡ್ಡು ಖಾಲಿಯಿತ್ತು, ಅದೊಂದೇ ಅವರ ಅದೃಷ್ಟ.

ಮೊದಲು ಬಂದವರು ಕಂದಾಯದ ಅಧಿಕಾರಿ. ನಮ್ಮೂರು ಮಾತಿನಲ್ಲಿ ಕನ್ನಡದ್ದು, ಕಾಗದದಲ್ಲಿ ತಮಿಳುನಾಡಿನದು; ಅವರು ಘಟ್ಟದ ಕೆಳಗಿನ ಬಯಲು ಸೀಮೆಯವರು, ತಮಿಳು ಬಿಟ್ಟು ಬೇರೆ ಬಾರದು. ಒಳ್ಳೆಯ ಮನುಷ್ಯ. “ಯಾನೆಯಾ? ವೆಳ್ಳಮಾ?” ಅಂತ ಕೇಳಿದರು. ಆನೆ ದಾಳಿಯೋ, ಪ್ರವಾಹವೋ ಅಂತ. ನನ್ನ ಗಂಡ ಕೈಕಟ್ಟಿಕೊಂಡು, ಭಾವ ಭಾವಮೈದುನರ ಜಗಳ ಸಾರ್ ಅಂದರು. ಭಾವಮೈದುನನಿಗೆ ಪರಿಹಾರ ಕೊಡುವ ದಾರಿ ಸರ್ಕಾರದಲ್ಲಿ ಇಲ್ಲವಂತೆ. ಗುಡಿಸಲು ಸುಟ್ಟದ್ದರಿಂದ ಬೆಂಕಿ ಅಪಘಾತ ಅಂತ ಬರೆದುಕೊಂಡು ಹೋದರು. ಆ ಲೆಕ್ಕದಲ್ಲಿ ಕೆಲವು ತಿಂಗಳು ಅಕ್ಕಿ ಬಂತು.

ಆಮೇಲೆ ಜೀಪುಗಳು ಬಂದವು. ಎಲ್ಲರೂ “ಏನು ಬೇಕು?” ಅಂತ ಕೇಳುತ್ತಿದ್ದರು, ಉತ್ತರ ಬರುವ ಮೊದಲೇ ಚೀಲ ಬಿಚ್ಚುತ್ತಿದ್ದರು. ಟೂತ್ ಬ್ರಷ್ಷು ಬಂದವು. ಜರಿ ಸೀರೆಗಳು ಬಂದವು. ಇಂಗ್ಲಿಷ್ ಶಾಲೆಯ ಟೈಗಳು ಒಂದು ಕಟ್ಟು ಬಂದವು, ಅವನ್ನು ಮೇಕೆ ಕಟ್ಟುವುದಕ್ಕೆ ಬಳಸಿದರು, ಚೆನ್ನಾಗಿ ಬಾಳಿಕೆ ಬಂದವು. ಮುದುಕರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ಹೊಗೆಸೊಪ್ಪು. ಆರೋಗ್ಯಕ್ಕೆ ಕೆಟ್ಟದ್ದು ಅಂತ ಅದನ್ನು ಯಾರೂ ತರಲಿಲ್ಲ. ಹೆಂಗಸರಿಗೆ ಬೇಕಾಗಿದ್ದದ್ದು ಮರೆ. ಬೆಳಗಿನ ಕತ್ತಲಲ್ಲಿ ಕಬ್ಬಿನ ಗದ್ದೆಯ ಹಿಂದಕ್ಕೆ ಹೋಗುತ್ತಿದ್ದರು. ಆ ಹೊತ್ತಿಗೆ ಅಲ್ಲಿಗೆ ಹಂದಿಯೂ ಬರುತ್ತದೆ, ಆನೆಯೂ ಬರುತ್ತದೆ. ಜೀಪಿನವರು ಶೆಡ್ಡಿನ ಫೋಟೊ ತೆಗೆದುಕೊಂಡರೇ ಹೊರತು ಹಿಂದಕ್ಕೆ ಹೋಗಿ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿ, ಒಂದು ದಿನ ಅಡುಗೆ ಮಾಡುವುದಿಲ್ಲ ಅಂತ ಕೂತೆ. ಸಂಜೆಯೊಳಗೆ ನನ್ನ ಗಂಡ ನರ್ಸರಿಯ ಹಸಿರು ಬಲೆ ತಂದು ಸುತ್ತ ಕಟ್ಟಿಸಿದರು. ಗುಂಡಿ ಶೆಡ್ಡಿನವರೇ ತೋಡಿಕೊಂಡರು.

ನಾನು ಇವರನ್ನು ಇಷ್ಟಪಟ್ಟೆ ಅಂತ ಯಾರೂ ತಿಳಿಯಬಾರದು. ನಮ್ಮ ಬಾವಿಯ ನೀರು ಕಡಿಮೆಯಾಯಿತು. ನಮ್ಮ ನಾಯಿ ಅವರ ಕಡೆ ಹೋಗಿಬಿಟ್ಟಿತು. ಆದರೆ ಅವರಲ್ಲಿ ಒಬ್ಬ ಮುದುಕಿ ಇದ್ದಳು. ಹಗ್ಗ ಹಿಡಿದವನ ತಾಯಿ. ಬಿದ್ದ ಹುಡುಗನಿಗೆ ಅತ್ತೆ. ಅವಳು ದಿನಾ ಶೆಡ್ಡಿನ ಒಂದು ಮೂಲೆಯನ್ನು ಮಾತ್ರ ಸಗಣಿ ಹಾಕಿ ಸಾರಿಸುತ್ತಿದ್ದಳು. ಅಲ್ಲಿ ಯಾರೂ ಮಲಗುವ ಹಾಗಿಲ್ಲ, ಮೂಟೆ ಇಡುವ ಹಾಗಿಲ್ಲ. ಜಾಗವಿಲ್ಲದೆ ಜನ ಬಾಗಿಲಾಚೆ ಮಲಗುತ್ತಿರುವಾಗ ಇದೇನು ದೌಲತ್ತು ಅಂತ ನಾನೇ ಹೋಗಿ ಕೇಳಿದೆ.

“ಅಜ್ಜಿ, ಈ ಮೂಲೆ ಯಾರ್ಗೆ?”

“ಮಗ್ಳಿಗೆ ಕಣವ್ವಾ. ಬಸ್ರಿ. ಮೊದಲ್ನೇದು. ತವರ್ಗೆ ಬರ್ಬೇಕಲ್ಲ.”

“ತವರೆಲ್ಲೈತೆ ಅಜ್ಜಿ, ಸುಟ್ಟೋಗದೆ.”

“ನಾ ಎಲ್ಲಿ ಕುಂತಿದ್ದೆನೋ ಅದೇ ತವರು” ಅಂದಳು. ನಮ್ಮ ಶೆಡ್ಡಿನಲ್ಲಿ ಕೂತು ನನಗೇ ಹೇಳಿದಳು.

ಮಗಳು ಗಂಡನ ಜೊತೆ ಮೇಲಿನ ಪೋಡಿನಲ್ಲೇ ಉಳಿದಿದ್ದಳು. ಅವಳಿಗೆ ಕೆಳಗೆ ಬರುವ ಅಪ್ಪಣೆ ಇರಲಿಲ್ಲ. ಹೆರಿಗೆ ಎಲ್ಲಿ ಬೇಕಾದರೂ ಆಗುತ್ತದೆ, ಸರ್ಕಾರಿ ಆಸ್ಪತ್ರೆ ಇದೆ, ಗಾಡಿ ಬರುತ್ತದೆ, ನೀನ್ಯಾಕೆ ಇಷ್ಟು ಕೊರಗುತ್ತೀಯ ಅಂದೆ. ಮುದುಕಿ ನನಗೆ ಬುದ್ಧಿ ಕಡಿಮೆ ಅನ್ನುವ ಹಾಗೆ ನೋಡಿದಳು.

“ಆಸ್ಪತ್ರೇಲೇ ಎರ್ಲಿ ಕಣವ್ವಾ, ನಾ ಬ್ಯಾಡ ಅಂದ್ನಾ? ಎಲ್ಲಿಂದ ಓಯ್ತಾಳೆ, ಎಲ್ಲಿಗೆ ವಾಪಸ್ ಬತ್ತಾಳೆ ಅನ್ನೋದು ನಂಗೆ. ಮೊದ್ಲು ಎರ್ಗೆಗೆ ತವರ್ಗೆ ಬರ್ದೋಳು ಆಮ್ಯಾಕೆ ಯಾವತ್ತೂ ಬರಕಿಲ್ಲ. ಮಾವ ತೊಟ್ಲಗ್ಗ ಕಟ್ಬೇಕು, ಅಪ್ಪ ಕೂಸ್ನ ಆಕ್ಬೇಕು. ಅದಿಲ್ದಿದ್ರೆ ನಮ್ಗೂ ಅವ್ರಿಗೂ ಮುಗೀತು. ಮಗ್ಳು ಬದ್ಕಿದ್ರೂ ನಂಗಿಲ್ಲ.”

ಅಂದರೆ ಮುದುಕಿಯ ಲೆಕ್ಕ ಇಷ್ಟು. ಗುಡಿಸಲು ಮತ್ತೆ ಕಟ್ಟಬಹುದು, ಹೊಲ ಮತ್ತೆ ಉಳಬಹುದು. ಈ ಮಗು ಹುಟ್ಟುವುದರೊಳಗೆ ಮಗಳು ಬರದಿದ್ದರೆ ಮಗಳೇ ಹೋದ ಹಾಗೆ. ಕೈಬಿಟ್ಟ ಅಂತ ಯಾರನ್ನು ಓಡಿಸಿದ್ದರೋ ಅವನೇ ಆ ಮಗುವಿನ ತೊಟ್ಟಿಲ ಹಗ್ಗ ಕಟ್ಟಬೇಕಾದ ಸೋದರಮಾವ.

ಆ ಮಗನೋ ಬಾಯಿ ಬಿಡುವವನಲ್ಲ. ಬಂದ ಹೊಸದರಲ್ಲಿ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡಿದ್ದ. ಬೆಂಕಿ ಆರಿಸಲು ಹೋಗಿ ಸುಟ್ಟುಕೊಂಡಿದ್ದಾನೆ ಅಂದುಕೊಂಡೆವು. ನರ್ಸಮ್ಮ ಬಂದಾಗಲೆಲ್ಲ ಮುಲಾಮು ಹಚ್ಚಿದಳು. ವಾಸಿಯಾದ ಮೇಲೆ ನಮ್ಮ ಅರಿಸಿನದ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ. ಊಟಕ್ಕೆ ಕೂತಾಗ ಅಂಗೈ ಮೇಲೆ ಮಾಡುತ್ತಿರಲಿಲ್ಲ, ತಟ್ಟೆಯ ಮೇಲೆ ಬಾಗಿ ಉಣ್ಣುತ್ತಿದ್ದ. ಕಾಡಿನವರ ರೀತಿ ಅಂದುಕೊಂಡೆ. ಗೊತ್ತಿಲ್ಲದ್ದನ್ನೆಲ್ಲ ನಾವು ಕಾಡಿನವರ ರೀತಿ ಅಂತಲೇ ಅಂದುಕೊಳ್ಳುತ್ತೇವೆ.

ಮುದುಕಿಯ ಕೊರಗು ನೋಡಲಾರದೆ ನನ್ನ ಗಂಡ ಪಂಚಾಯಿತಿ ಸೇರಿಸಿದರು. ಮೇಲಿನ ಪೋಡಿನ ಹಿರಿಯರು ನಮ್ಮ ಜಗಲಿಗೆ ಬಂದರು, ಅವರ ಮುಂದಾಳು ಬಿದ್ದ ಹುಡುಗನ ಅಪ್ಪ, ಮುದುಕಿಯ ಬೀಗ. ಕೆಳಗಿನ ಪೋಡಿನವರು ಅಂಗಳದಲ್ಲಿ ಕೂತರು. ನನ್ನ ಗಂಡನಿಗೆ ಮರ್ಯಾದೆಯ ಹುಚ್ಚು. ಬಾಳೆಲೆ ಹಾಸಿ, ಬಾಳೆಹಣ್ಣು, ಕಾಯಿತುರಿ ಇಟ್ಟು, ಅದರ ಮೇಲೆ ಧಾರಾಳವಾಗಿ ಜೇನುತುಪ್ಪ ಸುರಿದರು. ಜೇನಿನ ಬಂಡೆಯಿಂದ ಬಿದ್ದು ಒಬ್ಬನ ತೊಡೆ ಮುರಿದು, ಊರೇ ಸುಟ್ಟು, ರಾಜಿಗೆ ಕೂತವರ ಮುಂದೆ ಜೇನುತುಪ್ಪ. ಬಡಿಸಿ ಆದಮೇಲೆ ನನಗೆ ಗೊತ್ತಾಯಿತು, ಆಗ ಎಲೆ ಎತ್ತುವ ಹಾಗಿರಲಿಲ್ಲ.

ಎರಡು ಕಡೆಯವರೂ ಎಲೆ ನೋಡುತ್ತ ಕೂತರು. ಯಾರೂ ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಬೀಗ ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡ.

“ಇದು ಜೇನಲ್ಲ. ಬೆಲ್ಲದ ಪಾಕ” ಅಂದ.

ಅಂಗಳದಿಂದ ಮುದುಕಿಯೂ ಬೆರಳು ಅದ್ದಿ ನೆಕ್ಕಿದಳು. “ಊಂ. ಪಾಕ” ಅಂದಳು.

ಎರಡು ಪೋಡಿನವರೂ ಒಪ್ಪಿದ ಮಾತು ಅದೊಂದೇ. ಎಲ್ಲರೂ ಎದ್ದು ಹೋದರು. ನನ್ನ ಗಂಡ ಆ ಬಾಟಲಿಯ ಮೇಲಿನ ಜೇನುಹುಳದ ಚಿತ್ರವನ್ನು ಸಂಜೆವರೆಗೂ ನೋಡುತ್ತಿದ್ದರು.

ಆಯುಧಪೂಜೆಯ ಹೊತ್ತಿಗೆ ಬೆಂಕಿ ಅಪಘಾತದ ಅಕ್ಕಿ ನಿಂತಿತು. ಎಲ್ಲರ ಹಾಗೆ ಇನ್ನು ರೇಷನ್ ಅಂಗಡಿಯಲ್ಲೇ ತೆಗೆದುಕೊಳ್ಳಿ ಅಂದರು. ಎರಡೂ ಪೋಡಿಗೆ ರೇಷನ್ ಅಂಗಡಿ ನಮ್ಮೂರಿನದೇ. ನಾನು ಸಕ್ಕರೆಗೆ ಅಂತ ಹೋದ ದಿನ ಸಾಲಿನಲ್ಲಿ ಮುದುಕಿ, ಅವಳ ಮಗ ಮುಂದಿದ್ದರು. ಹಿಂದೆ ಸ್ವಲ್ಪ ದೂರದಲ್ಲಿ ಮೇಲಿನ ಪೋಡಿನವರು, ಬೀಗನೂ ಇದ್ದ. ನಡುವೆ ನಾನು. ಒಂದೇ ಸಾಲಿನಲ್ಲಿ ನಿಂತೂ ಒಬ್ಬರನ್ನೊಬ್ಬರು ನೋಡದೆ ಇರುವುದು ಕಷ್ಟದ ಕೆಲಸ, ಅವರು ಅದನ್ನು ಚೆನ್ನಾಗಿ ಮಾಡುತ್ತಿದ್ದರು.

ಮಿಷನ್ನಿನ ಮೇಲೆ ಮುದುಕಿ ಹೆಬ್ಬೆಟ್ಟು ಇಟ್ಟಳು. ಅದು ಒಪ್ಪಲಿಲ್ಲ. ವಯಸ್ಸಾದವರದು ಸವೆದಿರುತ್ತದೆ, ಮಗನದು ಇಡು ಅಂದ ಅಂಗಡಿಯವನು. ಮಗ ಇಟ್ಟ. ಒಪ್ಪಲಿಲ್ಲ. “ತೊಡಚ್ಚಿಟ್ಟು ವೈಯಪ್ಪಾ” ಅಂದ, ಒರೆಸಿ ಇಡು ಅಂತ. ಪಂಚೆಗೆ ಒರೆಸಿ ಇಟ್ಟ. ಇನ್ನೊಂದು ಕೈ ಇಟ್ಟ. ಮಿಷನ್ನು ಪ್ರತಿ ಸಲವೂ ಹೆಂಗಸಿನ ದನಿಯಲ್ಲಿ ತಮಿಳಿನಲ್ಲಿ ಮರ್ಯಾದೆಯಿಂದ ಇಲ್ಲ ಅಂದಿತು. ಅಂಗಡಿಯವನು ಬೇಸತ್ತು ಅವನ ಮಣಿಕಟ್ಟು ಹಿಡಿದು, ಅಂಗೈ ಬಿಡಿಸಿ, ಬಾಗಿಲ ಬೆಳಕಿಗೆ ಎತ್ತಿ ತೋರಿಸಿದ.

“ಎನ್ನಯ್ಯಾ ಇದು, ರೇಖೆಯೇ ಇಲ್ಲೆ.”

ಸಾಲಿನಲ್ಲಿದ್ದವರೆಲ್ಲ ನೋಡಿದೆವು. ಹೆಬ್ಬೆರಳಿನ ಚರ್ಮ ಹೊಳೆಯುತ್ತ ನುಣ್ಣಗಿತ್ತು. ಹೆಬ್ಬೆರಳ ಬುಡದಿಂದ ಕಿರುಬೆರಳ ಕೆಳಗಿನವರೆಗೆ ಅಂಗೈಯಲ್ಲಿ ನೆಟ್ಟಗೆ ಒಂದು ಕಾಲುವೆ. ಇನ್ನೊಂದು ಕೈಯಲ್ಲೂ ಅದೇ. ಬೆಂಕಿ ಹೀಗೆ ಗೆರೆ ಎಳೆದು ಸುಡುವುದಿಲ್ಲ ಅಂತ ನನಗೆ ಆಗ ಹೊಳೆಯಿತು. ಹಿಡಿದ ಹಗ್ಗವನ್ನು ಬಿಟ್ಟಿದ್ದರೆ ಕೈ ಉಳಿಯುತ್ತಿತ್ತು.

ಬೀಗ ಸಾಲು ಬಿಟ್ಟು ಮುಂದೆ ಬಂದ. ಆ ಕಾಲುವೆಯ ಮೇಲೆ ತನ್ನ ಹೆಬ್ಬೆರಳು ಇಟ್ಟು ಈ ತುದಿಯಿಂದ ಆ ತುದಿವರೆಗೆ ಸವರಿದ.

“ನೈಲಾನ್ನಾ?”

“ಊಂ.”

ಬೀಗ ವಾಪಸು ಹೋಗಿ ಸಾಲಿನಲ್ಲಿ ತನ್ನ ಜಾಗದಲ್ಲಿ ನಿಂತ. ಅಷ್ಟೇ. ಮುದುಕಿಯ ಮನೆಗೆ ಅಂದು ಅಕ್ಕಿ ಸಿಗಲಿಲ್ಲ. ತಾಳವಾಡಿಯ ತಾಲ್ಲೂಕು ಕಚೇರಿಗೆ ಹೋಗಿ ಹೊಸದಾಗಿ ಬೆರಳಚ್ಚು ಕೊಟ್ಟು ಬಾ ಅಂದರು. ಇಲ್ಲದ ಬೆರಳಚ್ಚು ಎಲ್ಲಿಂದ ಕೊಡುವುದು ಅಂತ ಯಾರೂ ಹೇಳಲಿಲ್ಲ. ನಾನು ನಮ್ಮ ಅಕ್ಕಿಯನ್ನೇ ಅಳೆದು ಕೊಟ್ಟೆ.

ದಾರಿಯಲ್ಲಿ ಅವನನ್ನು ಚೆನ್ನಾಗಿ ಬೈದೆ. “ಪಂಚಾಯ್ತಿ ದಿನ ಕೈ ತೋರ್ಸಕೇನಾಗಿತ್ಲಾ ನಿಂಗೆ?”

“ಗಿಣಿ ಸಾಸ್ತ್ರದೋನ ಮುಂದೆ ಕುಂತಂಗೆ ಕೈ ತೋರಿಸ್ಕೊಂಡು ಕೂರಕಾಯ್ತದಾ ಅವ್ವಾ?” ಅಂದ. “ಇಳ್ದೋನು ಮಾತಾಡ್ಬೇಕು. ನಾ ಆಡಂಗಿಲ್ಲ.”

ವಾರ ಕಳೆದು, ಎಲೆಕೋಸು ಸಾಗಿಸುವ ಪಿಕಪ್ಪಿನಲ್ಲಿ ಮಗಳು ಬಂದಳು. ಜೊತೆಗೆ ಊರುಗೋಲು ಹಿಡಿದ ಗಂಡ. ಬೀಗ ರಸ್ತೆಯಲ್ಲೇ ಇಳಿಸಿ, ಶೆಡ್ಡಿನ ಕಡೆ ಬರದೆ ತಿರುಗಿ ಹೋದ. ಮುದುಕಿ ಓಡಿ ಹೋಗಲಿಲ್ಲ, ಅಳಲಿಲ್ಲ. ಆ ಮೂಲೆಯನ್ನು ಇನ್ನೊಂದು ಸಲ ಸಾರಿಸಲು ಕೂತಳು. ಮಗಳು ಒದ್ದೆ ನೆಲ ಒಣಗುವವರೆಗೆ ಬಾಗಿಲಲ್ಲಿ ನಿಂತಿರಬೇಕಾಯಿತು.

ಅಳಿಯ ಬಂದನೇ ಹೊರತು ಭಾವನ ಜೊತೆ ಮಾತಿಲ್ಲ. ಅರಿಸಿನ ಬೇಯಿಸುವ ಒಲೆಯ ಕಟ್ಟೆ ಮೇಲೆ ಹೊರಗೇ ಕೂತಿರುತ್ತಿದ್ದ, ಊಟ ಅಲ್ಲಿಗೇ ಹೋಗುತ್ತಿತ್ತು. ದೀಪಾವಳಿ ಕಳೆದು, ಊರಿನ ಗಂಡಸರೆಲ್ಲ ಗುಮಟಾಪುರದ ಹಬ್ಬಕ್ಕೆ ಸಗಣಿ ಎರಚಾಡಲು ಹೋಗಿದ್ದ ದಿನ ಹಗಲಲ್ಲೇ ನೋವು ಶುರುವಾಯಿತು. ತಾಳವಾಡಿ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ನರ್ಸು ತವರು ಯಾವೂರು ಅಂತ ಕೇಳಿದ್ದಕ್ಕೆ ಮುದುಕಿ “ಬೆಳ್ಳುಳ್ಳಿ ಸೆಡ್ಡು” ಅಂದಳು.

ತೊಟ್ಟಿಲಿಗೆ ಅಂತ ನಾನು ಸಂತೆಯಿಂದ ಹೊಸ ಹಗ್ಗ ತಂದೆ. ಹಳದಿ ಬಣ್ಣದ್ದು, ಗಟ್ಟಿ. ಮುದುಕಿ ಅದನ್ನು ನೋಡಿದ ಮೇಲೆ ನನಗೂ ತಿಳಿಯಿತು, ಅದೂ ನೈಲಾನ್. ನನ್ನ ಗಂಡನ ಜೇನುತುಪ್ಪಕ್ಕೆ ನಾನು ಅಷ್ಟು ನಗಬಾರದಿತ್ತು. ಆ ಹಗ್ಗವನ್ನು ಎಮ್ಮೆಗೆ ಕಟ್ಟಿದೆ. ಮಗ ಕಾಡಿಗೆ ಹೋಗಿ ನಾರು ತಂದು, ನೆನೆಸಿ, ಆ ನುಣ್ಣನೆಯ ಅಂಗೈಯಲ್ಲಿ ದಿನಗಟ್ಟಲೆ ಹೊಸೆದ. ಹಿಡಿತ ಸಾಲದೆ ನಾರು ಜಾರುತ್ತಿತ್ತು, ಮತ್ತೆ ಹೊಸೆಯುತ್ತಿದ್ದ. ಕಟ್ಟೆಯ ಮೇಲಿಂದ ಅಳಿಯ ನೋಡುತ್ತಿದ್ದ.

ತೊಟ್ಟಿಲ ದಿನ ಬೀಗ, ಮೇಲಿನ ಪೋಡಿನ ನಾಲ್ಕು ಜನ ಬಂದು ಶೆಡ್ಡಿನ ಒಳಗೆ ನಿಂತರು. ನಾವು ಬೆಳ್ಳುಳ್ಳಿ ಗೊಂಚಲು ನೇತುಹಾಕುವ ತೊಲೆಗೆ ಮಗ ಹಗ್ಗ ಕಟ್ಟಿ, ಕೆಳಗೆ ಹಳೇ ಸೀರೆಯ ಜೋಲಿ ಇಳಿಬಿಟ್ಟು, ಪಕ್ಕಕ್ಕೆ ಸರಿದು ಗೋಡೆ ನೋಡುತ್ತ ನಿಂತ. ಇನ್ನು ಅಪ್ಪ ಮಗುವನ್ನು ಹಾಕಬೇಕು. ಮುದುಕಿ ಮಗು ಹಿಡಿದು ನಿಂತಿದ್ದಳು. ಅಳಿಯ ಹಾಕಿದರೆ ಅವಳಿಗೆ ಮಗಳುಂಟು, ತಿರುಗಿ ಹೋದರೆ ಇಲ್ಲ.

ಅಳಿಯ ಒಳಗೆ ಬಂದ. ಮಗುವಿಗೆ ಕೈ ಚಾಚಲಿಲ್ಲ. ಊರುಗೋಲನ್ನು ಗೋಡೆಗೆ ಒರಗಿಸಿದ. ತೊಟ್ಟಿಲಿಗಿಂತ ಮೇಲೆ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದ. ಒಳ್ಳೆಯ ಕಾಲನ್ನು ಎತ್ತಿದ. ಆಮೇಲೆ ಮುರಿದ ಕಾಲನ್ನೂ ಎತ್ತಿ, ಇಡೀ ಮೈ ಬಿಟ್ಟು ಜೋತುಬಿದ್ದ. ತೊಲೆ ಕಿರುಗುಟ್ಟಿತು. ಮೇಲಿಂದ ಹಳೆಯ ಬೆಳ್ಳುಳ್ಳಿ ಸಿಪ್ಪೆ ಎಲ್ಲರ ತಲೆಯ ಮೇಲೆ ಉದುರಿತು.

“ಬಿದ್ದೀಯ ಕಣ್ಲಾ” ಅಂದ ಅವನ ಅಪ್ಪ.

“ಬೀಳಕಿಲ್ಲ” ಅಂದ ಅವನು, ಅಲ್ಲೇ ನೇತಾಡುತ್ತ. “ಬಾವ ಕಟ್ಟವ್ನೆ.”

ಗೋಡೆ ನೋಡುತ್ತಿದ್ದವನು ತಿರುಗಲಿಲ್ಲ, ಅವನ ಬೆನ್ನು ಮಾತ್ರ ಕುಲುಕುತ್ತಿತ್ತು. ಅಳಿಯ ಕಾಲೂರಿ ನಿಂತು ಮಗುವನ್ನು ಇಸಿದುಕೊಂಡು ತೊಟ್ಟಿಲಿಗೆ ಹಾಕಿದ. ಮುದುಕಿ ಕೆಳಗೆ ಕೂತು, ನನ್ನ ಸೆರಗು ಎಳೆದುಕೊಂಡು ಮುಖ ಒರೆಸಿಕೊಂಡಳು. ತನ್ನದೂ ಇತ್ತು, ಆದರೂ ನನ್ನದೇ ಎಳೆದಳು. ನಾನು ಬಿಡಿಸಿಕೊಳ್ಳಲಿಲ್ಲ, ನನಗೂ ಅಳು ತಡೆಯಲಾಗಲಿಲ್ಲ. ನನ್ನ ಗಂಡ ನನ್ನನ್ನೇ ನೋಡುತ್ತಿದ್ದರು. ಅದು ಈರುಳ್ಳಿ ಶೆಡ್ಡಾಗಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು.